ಲೈನ್ ಬಿಜಿ ಅದ ರೀ

ಮೊದಲನೇ ಸಲ ಆ ದನಿ ಕೇಳಿದಾಗ ಅಂಬಾ ಲೈನ್ ಕಟ್ ಮಾಡಿದಳು. ಎರಡನೇ ಸಲವೂ ಕಟ್ ಮಾಡಿದಳು. ಮೂರನೇ ಸಲ, ಕಟ್ ಮಾಡುವ ಮುಂಚೆ ನಾಲ್ಕು ಮಾತು ಬೈದಳು.

ಬೈಯದೆ ಏನು ಮಾಡಬೇಕು? ಪುಣೆಯ ಅಂಚಿನ ಹಡಪಸರದ ಆ ಪಂಪ್ ಕಾರ್ಖಾನೆಯಲ್ಲಿ ಬೆಳಗಿನ ಹೊತ್ತು ಎಂದರೆ ಟೆಲಿಫೋನ್ ಸ್ವಿಚ್‌ಬೋರ್ಡಿನ ಮೇಲೆ ಒಂದು ದೀಪ ಆರುವಷ್ಟರಲ್ಲಿ ಇನ್ನೆರಡು ಹತ್ತಿಕೊಳ್ಳುವ ಹೊತ್ತು. ಫೌಂಡ್ರಿಯವರಿಗೆ ಸ್ಟೋರ್ ಬೇಕು, ಸ್ಟೋರಿನವರಿಗೆ ಮುಂಬಯಿ ಟ್ರಂಕ್ ಕಾಲ್ ಬೇಕು, ಮ್ಯಾನೇಜರ್ ಪರಾಂಜಪೆ ಸಾಹೇಬರಿಗೆ ಎಲ್ಲರೂ ಈಗಿಂದೀಗಲೇ ಬೇಕು. ಇಂಥದ್ದರಲ್ಲಿ ಹೊರಗಿನ ಲೈನಿನಿಂದ ಒಬ್ಬ ಗಂಡಸು ಮೊದಲು ಇಂಗ್ಲಿಷಿನಲ್ಲಿ ಸಾಹೇಬರನ್ನು ಕೇಳಿದ. ಅಷ್ಟರಲ್ಲಿ ಅವಳು ಇನ್ನೊಂದು ಲೈನಿಗೆ "ತಡೀ ಭೀಮಣ್ಣ, ಒಂದ ನಿಮಿಷ" ಅಂದದ್ದು ಅವನ ಕಿವಿಗೆ ಬಿತ್ತು. ಬಿದ್ದದ್ದೇ ತಡ, ಇಂಗ್ಲಿಷ್ ಮಾಯವಾಗಿ, ಮೈಸೂರು ಕಡೆಯ ನುಣ್ಣನೆಯ ಕನ್ನಡ ಶುರುವಾಯಿತು.

"ಅಯ್ಯೋ, ನೀವು ಕನ್ನಡದವರಾ? ಹಾಗಾದ್ರೆ ನಿಮ್ಮನ್ನೇ ಕೇಳ್ತೀನಿ. ದಿನಾ ನೀವು ಯಾರ್ಯಾರ ಜೊತೆ ಮಾತಾಡ್ತೀರಿ? ಯಾರ ಜೊತೆ ಮಾತಾಡೋಕೆ ಹೆಚ್ಚು ಇಷ್ಟ?"

"ನಿಮ್ಮ ಮನ್ಯಾಗ ಅಕ್ಕತಂಗೇರು ಇಲ್ಲೇನ್ರಿ?" ಎಂದು ಅಂಬಾ ಮೂರನೇ ಸಲ ಒದರಿದ್ದು ಅದಕ್ಕೇ.

"ಇದ್ದಾರೆ. ಇಬ್ಬರು ತಂಗಿಯರು," ಎಂದಿತು ದನಿ, ತೀರ ಪ್ರಾಮಾಣಿಕವಾಗಿ. "ಯಾಕೆ?"

ಅವಳು ಪ್ಲಗ್ಗನ್ನು ಕಿತ್ತ ರಭಸಕ್ಕೆ ಪಕ್ಕದ ಸ್ಟೋರಿನ ಲೈನೂ ಕಿತ್ತು ಬಂತು.

ಮರುದಿನ ಪರಾಂಜಪೆ ಸಾಹೇಬರು ಒಬ್ಬನನ್ನು ಹಿಂದೆ ಹಾಕಿಕೊಂಡು ಅವಳ ಕೋಣೆಗೆ ಬಂದರು. ಕೋಣೆ ಎಂದರೆ ಗಾಜಿನ ಗೋಡೆ ಹಾಕಿದ ಒಂದು ಗೂಡು. ಬೋರ್ಡು, ಅವಳ ಕುರ್ಚಿ, ನೀರಿನ ಹೂಜಿ ಇಟ್ಟರೆ ಮುಗಿಯಿತು. ಬಂದವನು ಉದ್ದಕ್ಕಿದ್ದ, ತೆಳ್ಳಗಿದ್ದ, ಆ ಕಾಲದ ಫ್ಯಾಶನ್ನಿನಂತೆ ಅವನ ಶರ್ಟಿನ ಕಾಲರ್ ಹೆಗಲ ತನಕ ಚಾಚಿತ್ತು.

"ಮಿಸ್ ಅಂಬಾ, ಇವರು ಮಿಸ್ಟರ್ ಶ್ಯಾಮ್. ಕೆಲಸದ ಜಾಗದಲ್ಲಿ ಜನ ಒಬ್ಬರಿಗೊಬ್ಬರು ಹೇಗೆ ಮಾತಾಡ್ತಾರೆ, ಹೇಗೆ ವಿಷಯ ತಿಳಿಸ್ತಾರೆ ಅನ್ನೋದರ ಮೇಲೆ ಪಿಎಚ್‌ಡಿ ಮಾಡ್ತಾ ಇದ್ದಾರೆ," ಎಂದು ಸಾಹೇಬರು ಮರಾಠಿಯಲ್ಲಿ ಹೇಳಿದರು. "ನಮ್ಮ ಮಾತೆಲ್ಲ ನಿನ್ನ ಕೈಯಿಂದಲೇ ಹಾಯಬೇಕಲ್ಲ. ಇವರು ಇಲ್ಲೇ ಕೂತು ನೋಡ್ತಾರೆ."

"ಇಲ್ಲೇ ಅಂದ್ರೆ ಎಲ್ಲಿ ಸರ್?" ಎಂದಳು ಅಂಬಾ, ಗೂಡಿನ ನಾಲ್ಕೂ ಕಡೆ ನೋಡಿ.

ಸಾಹೇಬರು ಆಗಲೇ ಹೋಗಿದ್ದರು. ಶ್ಯಾಮ ಹೊರಗಿನಿಂದ ಒಂದು ಸ್ಟೂಲು ತಂದು, ಹೂಜಿಗೂ ಅವಳ ಕುರ್ಚಿಗೂ ನಡುವೆ ಮೊಣಕಾಲು ಮಡಚಿ ಹೇಗೋ ತೂರಿಕೊಂಡ.

"ನಮಸ್ಕಾರ. ನಿನ್ನೆ ನನ್ನ ತಂಗಿಯರ ವಿಚಾರ ಕೇಳಿದ್ರಲ್ಲ, ಇಬ್ಬರೂ ಚೆನ್ನಾಗಿದ್ದಾರೆ," ಎಂದ.

ಅವಳು ತಿರುಗಿ ನೋಡಿದಳು. ಗೇಲಿ ಮಾಡುತ್ತಿದ್ದಾನೋ ಇಲ್ಲವೋ ಆ ಮುಖದಿಂದ ತಿಳಿಯಲಿಲ್ಲ. ಕಣ್ಣಿನ ಒಂದು ಮೂಲೆಯಲ್ಲಿ ಮಾತ್ರ ಏನೋ ಮಿನುಗಿ ಮಾಯವಾಯಿತು, ಬೋರ್ಡಿನ ದೀಪದ ಹಾಗೆ.

ಅಂಬಾಳಿಗೆ ಆಗ ಇಪ್ಪತ್ತಾರು. ಅಪ್ಪ ಗೂಳಪ್ಪ ಇಂಡಿ ತಾಲೂಕಿನ ಕಡೆಯವನು, ಹಡಪಸರದ ಬೆಲ್ಲದ ಅಡತಿ ಅಂಗಡಿಯಲ್ಲಿ ಗುಮಾಸ್ತ. ಅವ್ವ ಕಾಶವ್ವ ಪುಣೆಗೆ ಬಂದು ಇಪ್ಪತ್ತು ವರ್ಷವಾದರೂ ಮರಾಠಿಯಲ್ಲಿ ಕಾಯಿಪಲ್ಲೆ ಮಾತ್ರ ಕೊಳ್ಳುವವಳು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಕಾಲೇಜಿನಲ್ಲಿ ಇಂಗ್ಲಿಷ್, ಟ್ರಂಕ್ ಆಪರೇಟರನ ಜೊತೆ ಹಿಂದಿ, ಹೀಗೆ ನಾಲ್ಕನ್ನೂ ಬಾಯಲ್ಲಿ ಇಟ್ಟುಕೊಂಡು ಅಂಬಾ ಆ ಬೋರ್ಡಿನ ಮುಂದೆ ರಾಣಿಯಂತೆ ಕೂತಿದ್ದಳು. ಎಮರ್ಜೆನ್ಸಿ ಬಂತು, ಹೋಯಿತು, ದಿಲ್ಲಿಯಲ್ಲಿ ಸರ್ಕಾರ ಬದಲಾಯಿತು. ಅವಳ ಗೂಡಿಗೆ ಯಾರೂ ಕಾಲಿಟ್ಟಿರಲಿಲ್ಲ.

ಈಗ ಈ ಮನುಷ್ಯ ದಿನಾ ಬರುತ್ತಿದ್ದ.

ಬಂದು ಸುಮ್ಮನೆ ಕೂರುತ್ತಿದ್ದನೇ? ಇಲ್ಲ. "ಈಗ ಯಾಕೆ ನಕ್ಕಿರಿ?" ಎನ್ನುತ್ತಿದ್ದ. "ಸ್ಟೋರಿನವರು ಕೇಳಿದ ತಕ್ಷಣ ಲೈನ್ ಕೊಟ್ರಿ, ಅಕೌಂಟ್ಸ್‌ನವರನ್ನ ಕಾಯಿಸಿದ್ರಿ. ಯಾಕೆ?" ಎನ್ನುತ್ತಿದ್ದ. "ಹೋಲ್ಡ್ ಆನ್ ಅಂತ ಅಷ್ಟು ಉದ್ದ ಎಳೆದಿರಲ್ಲ, ಅದು ಸಿಟ್ಟಾ ಬೇಜಾರಾ?"

"ಅದು ನೀವು," ಎಂದಳು ಅಂಬಾ. "ನೀವು ಬಾಜೂಕ ಕೂತರ ನನ್ನ ಬಾಯಿಂದ ಹಂಗ ಬರ್ತದ."

ಅವನು ಅದನ್ನೂ ಬರೆದುಕೊಂಡ. ಅವಳಿಗೆ ಹೆಡ್‌ಫೋನ್ ತೆಗೆದು ಅವನ ತಲೆಯ ಮೇಲೆ ಕುಕ್ಕಬೇಕೆನಿಸಿತು.

ಎಲ್ಲಕ್ಕಿಂತ ದೊಡ್ಡ ತ್ರಾಸು ಎಂದರೆ 'ಹಲೋ'. ಒಂದು ದಿನ ಶ್ಯಾಮ ಸಹಜವಾಗಿ ಹೇಳಿದ: "ನಿಮ್ಮ ಹಲೋ ಒಂದೇ ಅಲ್ಲ, ಗೊತ್ತಾ? ಪರಾಂಜಪೆಯವರಿಗೆ ಹೇಳೋದು ಇಸ್ತ್ರಿ ಮಾಡಿದ ಸೀರೆ ಥರ, ಒಂದು ಮಡಿಕೆ ಆಚೀಚೆ ಇರಲ್ಲ. ಫೌಂಡ್ರಿಗೆ ಹೇಳೋ ಹಲೋ, ಮನೆ ಬಾಗಿಲಲ್ಲಿ ನಿಂತು ಯಾರನ್ನೋ ಊಟಕ್ಕೆ ಕರೆದ ಹಾಗೆ."

"ಮತ್ತ ನಿಮಗ ಹೇಳೋದು?"

"ನನಗೆ ನೀವು ಇದುವರೆಗೂ ಹಲೋ ಅಂದೇ ಇಲ್ಲ."

ಆ ದಿನವೆಲ್ಲ ಅವಳ ಹಲೋ ಗಂಟಲಲ್ಲೇ ತೊಡರಿತು. ಇಷ್ಟು ವರ್ಷ ಉಸಿರಾಡಿದಂತೆ ಆಡಿದ ಮಾತನ್ನು ಈಗ ಕೇಳಿಸಿಕೊಂಡು ಆಡಬೇಕಾಗಿತ್ತು. ಮುಂಬಯಿಯ ಆಪರೇಟರ್ "ಬೆಹೆನ್‌ಜೀ, ತಬಿಯತ್ ಠೀಕ್ ಹೈ?" ಎಂದು ಕೇಳಿದ.

ಮಧ್ಯಾಹ್ನ ಅವಳು ಡಬ್ಬಿ ಬಿಚ್ಚಿದಾಗ ಅವನು ಹೊರಗೆ ಹೋಗಿ ಕ್ಯಾಂಟೀನಿನ ಒಣ ಬ್ರೆಡ್ಡು ತಿಂದು ಬರುತ್ತಿದ್ದ. ಎರಡು ವಾರ ಅದನ್ನು ನೋಡಿ ನೋಡಿ ಅಂಬಾಳಿಗೆ ಅದರ ಮೇಲೂ ಸಿಟ್ಟು ಬಂತು. ಒಂದು ಜೋಳದ ರೊಟ್ಟಿಯ ಮೇಲೆ ಶೇಂಗಾ ಚಟ್ನಿ, ಬದನೆಕಾಯಿ ಪಲ್ಯ ಇಟ್ಟು ಅವನ ಮುಂದೆ ತಳ್ಳಿದಳು.

"ತಿನ್ರಿ. ನಿಮ್ಮ ಮಾರಿ ನೋಡಿದ್ರ ನನ್ನ ರೊಟ್ಟಿ ಇಳಿಯಂಗಿಲ್ಲ."

ಅವನು ಮೊದಲ ತುತ್ತಿಗೇ ಕಣ್ಣಲ್ಲಿ ನೀರು ತಂದುಕೊಂಡ. ಖಾರಕ್ಕೆ. ಆದರೂ ಬಿಡದೆ ತಿಂದ. ಮೂಗು ಕೆಂಪಾಗಿ, ಬಾಯಿ ತೆರೆದು ಉಸಿರು ಎಳೆಯುತ್ತ, "ಇದನ್ನ ಮಾಡಿದವರು... ಏನೋ ಹೇಳ್ತಾ ಇದ್ದಾರೆ," ಎಂದ.

"ನಮ್ಮವ್ವ. ನೀರು ಕುಡೀರಿ ಅಂತ ಹೇಳ್ಲಿಕ್ಹತ್ಯಾಳ," ಎಂದು ಅಂಬಾ ಹೂಜಿ ಬಗ್ಗಿಸಿದಳು. ನೀರು ಕೊಡುವಾಗ ನಗಬಾರದೆಂದು ತುಟಿ ಕಚ್ಚಿದ್ದಳು. ಅವನು ಲೋಟದ ಅಂಚಿನ ಮೇಲಿಂದ ಅದನ್ನೇ ನೋಡುತ್ತಿದ್ದ. ಮಾತಿಲ್ಲ, ಪ್ರಶ್ನೆಯಿಲ್ಲ. ಆ ನೋಟ ಅವಳ ಕಿವಿಯ ಬಳಿ ಬಂದು, ಹೆಡ್‌ಫೋನಿನ ಅಡಿಯಲ್ಲಿ ಅಡಗಿದ ಕೂದಲೆಳೆಯ ಹತ್ತಿರ ಸ್ವಲ್ಪ ಹೊತ್ತು ನಿಂತಿತು. ಬೋರ್ಡಿನಲ್ಲಿ ದೀಪ ಹತ್ತಿದ್ದು ಇಬ್ಬರಿಗೂ ಕಾಣಲಿಲ್ಲ.

ಆಮೇಲಿಂದ ಕಾಶವ್ವ ಡಬ್ಬಿಗೆ ಎರಡು ರೊಟ್ಟಿ ಹೆಚ್ಚು ಹಾಕತೊಡಗಿದಳು. "ಯಾರಿಗ?" ಎಂದು ಕೇಳಲಿಲ್ಲ. ಅಂಬಾ ಹೇಳಲೂ ಇಲ್ಲ.

ಪರಾಂಜಪೆ ಸಾಹೇಬರಿಗೆ ಲೈನಿನಲ್ಲಿ ಕಾಯುವ ತಾಳ್ಮೆ ಇರಲಿಲ್ಲ. ಯಾರಿಗೆ ಏನು ಹೇಳಬೇಕೋ ಅದನ್ನು ಅಂಬಾಳಿಗೆ ಒದರಿ ಫೋನ್ ಇಟ್ಟುಬಿಡುತ್ತಿದ್ದರು. ಮುಂದಕ್ಕೆ ತಲುಪಿಸುವುದು ಅವಳ ಕೆಲಸ. ಒಂದು ದಿನ ಫೌಂಡ್ರಿಯಲ್ಲಿ ಎರಕ ಹೊಯ್ದ ಪಂಪಿನ ಹೊದಿಕೆಗಳೆಲ್ಲ ಬಿರುಕು ಬಿಟ್ಟವು. ಸಾಹೇಬರ ಫೋನು ಬಂತು.

"ಫೋರ್‌ಮನ್‌ಗೆ ಹೇಳು. ಆ ಭೀಮಣ್ಣ ನಾಳೆಯಿಂದ ಗೇಟಿನ ಒಳಗೆ ಕಾಲಿಡಬಾರದು!"

"ಎಸ್ ಸರ್," ಎಂದಳು ಅಂಬಾ.

ಭೀಮಣ್ಣ ಯಾದಗಿರಿ ಕಡೆಯವನು. ಹನ್ನೆರಡು ತಿಂಗಳೂ ಬೆಂಕಿಯ ಮುಂದೆ ನಿಲ್ಲುವ ಮನುಷ್ಯ. ಅಂಬಾ ಪ್ಲಗ್ಗನ್ನು ಕೈಯಲ್ಲಿ ಹಿಡಿದುಕೊಂಡು ಕೂತಳು. ಫೌಂಡ್ರಿಯ ದೀಪ ತಾನಾಗಿಯೇ ಹತ್ತಿತು. ಭೀಮಣ್ಣನೇ! "ಅಂಬಕ್ಕ, ಸ್ಟೋರ್ ಕೊಡು," ಎಂದ. ಅವಳು ಸ್ಟೋರ್ ಕೊಟ್ಟಳು. ಬೇರೆ ಏನೂ ಹೇಳಲಿಲ್ಲ. ಫೋರ್‌ಮನ್‌ಗೂ ಹೇಳಲಿಲ್ಲ. ಪಕ್ಕದಲ್ಲಿ ಶ್ಯಾಮನ ಪೆನ್ನು ನಿಂತುಹೋಗಿತ್ತು.

ಊಟವಾದ ಮೇಲೆ ಸಾಹೇಬರು ಮತ್ತೆ ಫೋನ್ ಮಾಡಿದರು. ದನಿ ಇಳಿದಿತ್ತು. "ಹೇಳಿದೆಯಾ?"

"ಲೈನ್ ಬಿಜಿ ಇತ್ತು ಸರ್."

ಆಚೆ ಕಡೆ ಒಂದು ಉಸಿರು. "ಹಂ. ಇರಲಿ ಬಿಡು. ಮರಳು ಹಸಿ ಇತ್ತಂತೆ. ನಾನೇ ನೋಡ್ತೀನಿ."

ಶ್ಯಾಮ ಸ್ಟೂಲಿನಿಂದ ಎದ್ದು ನಿಂತಿದ್ದ. "ಲೈನ್ ಬಿಜಿ ಇರಲಿಲ್ಲ! ನೀವು ಹೇಳಲೇ ಇಲ್ಲ! ಒಬ್ಬ ಮನುಷ್ಯನ ಕೆಲಸ..."

"ಮೆಲ್ಲಕ! ಇಂಥಾದ್ದೆಲ್ಲಾ ಬರ್ಕೋಬ್ಯಾಡ್ರಿ ಮತ್ತ."

"ಇಲ್ಲ ಇಲ್ಲ, ಹೆಸರು ಹಾಕಲ್ಲ," ಎಂದ ಶ್ಯಾಮ. ಅವನ ಕಣ್ಣು ಹೊಳೆಯುತ್ತಿದ್ದವು. ಹೊಳೆಯುವ ಕಣ್ಣು ನೋಡುತ್ತ ಅಂಬಾ ಅವನು ಏನೆಂದ ಎನ್ನುವುದನ್ನು ಸರಿಯಾಗಿ ಕೇಳಿಸಿಕೊಳ್ಳಲೇ ಇಲ್ಲ. ಬರೆಯುವುದಿಲ್ಲ ಎಂದ, ಅಂದುಕೊಂಡಳು.

ಅವತ್ತು ಸಂಜೆ ಅವನು ಬಸ್ ಸ್ಟಾಪಿನ ತನಕ ಜೊತೆಗೆ ಬಂದ. ಮಗರಪಟ್ಟಾದ ಕಡೆಯಿಂದ ಕಬ್ಬು ಹೇರಿಕೊಂಡ ಬಂಡಿಗಳು ಸಾಲಾಗಿ ಹೊರಟಿದ್ದವು. ರಸದ ಗಾಣದ ಮುಂದೆ ನಿಂತು ಇಬ್ಬರೂ ಕಬ್ಬಿನ ಹಾಲು ಕುಡಿದರು. ಗಾಣಕ್ಕೆ ಕಟ್ಟಿದ ಗೆಜ್ಜೆ ಝಲ್ ಝಲ್ ಎನ್ನುತ್ತಿತ್ತು.

"ಅಂಬಾ," ಎಂದ ಶ್ಯಾಮ. 'ಮಿಸ್' ಬಿಟ್ಟಿದ್ದ. "ನಿಮ್ಮನ್ನ ಒಂದು ಮಾತು ಕೇಳಬಹುದಾ? ಬಹಳ ದಿನದಿಂದ ಕೇಳಬೇಕು ಅಂತ."

ಅವಳು ತುಟಿಗೆ ಒಯ್ದ ಗ್ಲಾಸನ್ನು ಕೆಳಗಿಳಿಸಿದಳು. "ಕೇಳ್ರಿ."

"ಅಂದ್ರೆ... ಇದನ್ನ ಹೇಗೆ ಕೇಳೋದು ಅಂತ... ನೀವು ತಪ್ಪು ತಿಳ್ಕೋಬಾರದು."

"ತಿಳ್ಕೊಳ್ಳಂಗಿಲ್ಲ. ಕೇಳ್ರಿ."

ಅವನು ಗ್ಲಾಸಿನೊಳಗೆ ನೋಡಿದ. ರಸ್ತೆ ನೋಡಿದ. ಎತ್ತುಗಳನ್ನು ನೋಡಿದ. "ಕ್ಯಾಂಟೀನಿನಲ್ಲಿ ಆಫೀಸಿನವರು, ವರ್ಕರ್ಸು ಬೇರೆ ಬೇರೆ ಮೇಜಿನಲ್ಲಿ ಕೂರೋದು ಮೊದಲಿನಿಂದಲೂ ಇದೆಯಾ?"

ಅಂಬಾ ಉಳಿದ ಹಾಲನ್ನು ಒಂದೇ ಗುಟುಕಿಗೆ ಮುಗಿಸಿ, ಗ್ಲಾಸು ಕುಕ್ಕಿ, ಬಂದ ಬಸ್ಸು ಯಾವುದೆಂದೂ ನೋಡದೆ ಹತ್ತಿದಳು. ಅದು ಫುರಸುಂಗಿಗೆ ಹೋಗುವ ಬಸ್ಸಾಗಿತ್ತು. ತಿರುಗಿ ಮನೆ ಸೇರುವಷ್ಟರಲ್ಲಿ ದೀಪ ಹಚ್ಚಿದ್ದರು.

ಮಳೆಗಾಲ ಶುರುವಾಗುವ ಹೊತ್ತಿಗೆ ಶ್ಯಾಮನ ನೋಡುವಿಕೆ ಮುಗಿಯಿತು. ಕಾರ್ಖಾನೆಗೆ ಒಂದು ವರದಿ ಕೊಡಬೇಕೆಂದು ಮೊದಲೇ ಮಾತಾಗಿತ್ತು, ಕೊಟ್ಟ. ಅದನ್ನು ಕೊಟ್ಟ ದಿನ ಅವನು ಅಂಬಾಳ ಗೂಡಿನ ಬಾಗಿಲಲ್ಲಿ ನಿಂತು, ಹುಡುಗರ ಹಾಗೆ ನಕ್ಕ. "ನಿಮ್ಮ ಬಗ್ಗೆ ತುಂಬಾ ಒಳ್ಳೆಯದು ಬರೆದಿದ್ದೀನಿ," ಎಂದ.

ಮೂರನೆಯ ದಿನ ಸಾಹೇಬರು ಅವಳನ್ನು ಕರೆಸಿದರು. ವರದಿಯಲ್ಲಿ ಹೆಸರಿರಲಿಲ್ಲ, ನಿಜ. 'ಈ ಸಂಸ್ಥೆಯ ಆಪರೇಟರ್ ಒಮ್ಮೆ, ಒಬ್ಬ ಕೆಲಸಗಾರನನ್ನು ತೆಗೆದುಹಾಕುವ ಆದೇಶವನ್ನು, ಕೋಪ ಇಳಿಯಲೆಂದು ತಡೆಹಿಡಿದರು. ಸಂಸ್ಥೆ ಉಳಿದಿರುವುದು ಇಂಥ ವಿವೇಕದಿಂದ' ಎಂದಿತ್ತು. ಇಡೀ ಸಂಸ್ಥೆಯಲ್ಲಿ ಆಪರೇಟರ್ ಇದ್ದದ್ದು ಒಬ್ಬಳೇ.

"ನನ್ನ ಮಾತು ಹೋಗಬೇಕೋ ಬೇಡವೋ ಅಂತ ನಿರ್ಧಾರ ಮಾಡೋಕೆ ನೀನ್ಯಾರು?" ಎಂದರು ಸಾಹೇಬರು. ಅವತ್ತು ಮಾತ್ರ ಅವರು ಒದರಲಿಲ್ಲ. ಒದರಿದ್ದರೆ ಅಂಬಾಳಿಗೆ ಸುಲಭವಾಗುತ್ತಿತ್ತು.

ಬೋರ್ಡು ಕೈತಪ್ಪಿತು. ಟೈಪಿಸ್ಟ್ ಒಬ್ಬಳನ್ನು ಅಲ್ಲಿ ಕೂರಿಸಿ, ಅಂಬಾಳನ್ನು ಸ್ಟೋರಿನ ಹಿಂದಿನ ಕೋಣೆಗೆ, ಬೋಲ್ಟು ವಾಷರುಗಳ ಡಬ್ಬಿಗಳಿಗೆ ಚೀಟಿ ಅಂಟಿಸಲು ಕಳಿಸಿದರು. ನಾಲ್ಕು ಭಾಷೆಯ ಬಾಯಿಗೆ ಈಗ ಮಾತಾಡಲು ಸಿಕ್ಕದ್ದು ಅಂಟಿನ ಬಾಟಲಿ.

ಅಲ್ಲಿಗೆ ಭೀಮಣ್ಣ ಬಂದ. ಸುದ್ದಿ ಅವನಿಗೂ ಮುಟ್ಟಿತ್ತು. ಹೊಗಳುತ್ತಾನೆ ಎಂದುಕೊಂಡಿದ್ದಳು ಅಂಬಾ. ಅವನು ಬಾಗಿಲಿಗೆ ಒರಗಿ ನಿಂತ.

"ಅಂಬಕ್ಕ, ನನ್ನ ಸಲುವಾಗಿ ಮಾಡಿದಿ. ಉಪಕಾರ ಆತು. ಆದ್ರ ಅವತ್ತು ನನಗ ಹೇಳಬೇಕಿತ್ತವ್ವ. ಮರಳು ಹಸಿ ಅದ ಅಂತ ಮುಂಜಾನಿಂದ ಬಡಕೊಂಡಿದ್ದೆ. ನಾನ ಹೋಗಿ ಸಾಹೇಬನ ಮುಂದ ನಿಂತು ಕೇಳ್ತಿದ್ದೆ. ನನ್ನ ಕೆಲಸ ಹೋಗೋ ವಿಷಯ, ನನಗ ಒಬ್ಬಂವಗ ಗೊತ್ತಿಲ್ಲ."

ಅಂಬಾಳ ಬೆರಳಿಗೆ ಚೀಟಿ ಅಂಟಿಕೊಂಡಿತು. ಬಿಡಿಸಿಕೊಳ್ಳಲಿಲ್ಲ. ಭೀಮಣ್ಣ ಹೋದ ಮೇಲೂ ಅವನ ಮಾತು ಹೋಗಲಿಲ್ಲ.

ಭಾನುವಾರ ಶ್ಯಾಮ ಮನೆಗೆ ಬಂದ. ಗೂಳಪ್ಪ ಮಂಡಿಗೆ ಹೋಗಿದ್ದ. ಕಾಶವ್ವ ಚಾಪೆ ಹಾಸಿ, ಚಹಾ ಇಟ್ಟು, ಅವನನ್ನು ಮೇಲಿಂದ ಕೆಳಗೆ ನೋಡಿ, "ಇಂವ ಏನು ನನ್ನ ರೊಟ್ಟಿ ತಿಂದಾಂವ? ಮೈಗ ಹತ್ತೇ ಇಲ್ಲ," ಎಂದು ಒಳಗೆ ಹೋದಳು.

ಅಂಬಾ ಬಾಗಿಲಲ್ಲಿ ನಿಂತೇ ಇದ್ದಳು. "ಬರೀಬ್ಯಾಡ್ರಿ ಅಂದಿದ್ದೆ."

"ನೀವು ಹೆಸರು ಬರೀಬೇಡಿ ಅಂದ್ರಿ, ಅಂದುಕೊಂಡೆ. ಅಂದ್ರೆ, ನೀವು ಹೇಳಿದ್ದು ಒಂದು, ನಾನು ಕೇಳಿಸ್ಕೊಂಡಿದ್ದು ಇನ್ನೊಂದು. ನನ್ನ ಉದ್ದೇಶ ಏನಿತ್ತು ಅಂದ್ರೆ, ಆ ಸನ್ನಿವೇಶವನ್ನ ಒಂದು ಉದಾಹರಣೆಯಾಗಿ..."

"ಒಂದ ಮಾತಿನ್ಯಾಗ ಹೇಳ್ರಿ."

"ಹೇಳ್ತೀನಿ. ಆದ್ರೆ ಹಿನ್ನೆಲೆ ತಿಳಿಸದೆ..."

"ಒಂದ ಮಾತು!"

ಅವನು ಚಹಾದ ಬಟ್ಟಲನ್ನು ಎತ್ತಿ, ಕುಡಿಯದೆ ಕೆಳಗಿಟ್ಟ. "ತಪ್ಪಾಯ್ತು," ಎಂದ ಕೊನೆಗೆ. ಇನ್ನೂ ಏನೋ ಇತ್ತು. ಅದು ಅವಳಿಗೆ ಕಾಣುತ್ತಿತ್ತು. ಕಾದಳು. ಅವನು ಚಪ್ಪಲಿ ಮೆಟ್ಟಿ ಹೊರಟುಹೋದ.

"ಅಲ್ಲವ್ವಾ," ಎಂದಳು ಕಾಶವ್ವ ಒಳಗಿನಿಂದ ಬಂದು, ತಣ್ಣಗಾದ ಚಹಾ ನೋಡಿ, "ಮಾತಾಡೋದನ್ನ ಕಲ್ಯಾಕ ಇಷ್ಟ ವರ್ಷ ಸಾಲಿ ಓದ್ಯಾನಂತ? ಫೀಸ್ ವಾಪಸ್ ಕೇಳಂತ ಹೇಳು."

ಅಂಬಾಳಿಗೆ ನಗು ಬಂತು. ನಗುತ್ತ ನಗುತ್ತ ಅಳುವೂ ಬಂತು. ಅದು ಅವಳಿಗೆ ಇನ್ನಷ್ಟು ಸಿಟ್ಟು ತರಿಸಿತು.

ಆಮೇಲೆ ಅವನ ಸುದ್ದಿಯಿಲ್ಲ. ಶ್ರಾವಣ ಕಳೆಯಿತು, ಗಣಪತಿ ಬಂದು ಹೋದ. ಟೈಪಿಸ್ಟ್ ಹುಡುಗಿ ಸಾಹೇಬರ ಮಾತನ್ನು ಬೈಗುಳ ಸಮೇತ, ಒಂದಕ್ಷರ ಬಿಡದೆ ಮುಟ್ಟಿಸುತ್ತಿದ್ದಳು. ಫೌಂಡ್ರಿಯವರು ಒಂದು ದಿನ ಮುನಿಸಿಕೊಂಡು ಕೂತರು, ಸಾಹೇಬರು ಇನ್ನೊಂದು ದಿನ ಕ್ಷಮೆ ಕೇಳಬೇಕಾಯಿತು. ಆ ವಾರ ಅಂಬಾಳಿಗೆ ಮತ್ತೆ ಕರೆ ಬಂತು.

"ಬೋರ್ಡಿಗೆ ವಾಪಸ್ ಹೋಗ್ತೀಯಾ?" ಎಂದರು ಸಾಹೇಬರು.

ಹೂಂ ಎಂದುಬಿಡಬಹುದಿತ್ತು. ಅಂಬಾ ಹೇಳಲಿಲ್ಲ. ಸ್ಟೋರಿನ ಹಿಂದೆ ಕೂತು ಇದನ್ನು ಅವಳು ಬಹಳ ಯೋಚಿಸಿದ್ದಳು.

"ಹೋಗ್ತೀನಿ ಸರ್. ಆದರೆ ನೀವು ಕೇಳಿದ್ದು ಸರಿ ಇತ್ತು. ನಿಮ್ಮ ಮಾತು ತಡೆಯೋ ಹಕ್ಕು ನನಗೆ ಯಾರೂ ಕೊಟ್ಟಿರಲಿಲ್ಲ. ಇನ್ನು ಮೇಲೆ ತಡೆಯೋದಿಲ್ಲ. ಆದರೆ ಒಬ್ಬರ ಅನ್ನದ ಮಾತಿದ್ದರೆ, ಅದನ್ನ ನನ್ನ ಬಾಯಿಂದ ಹೇಳಿಸಬೇಡಿ. ನಾನು ಲೈನ್ ಕೊಡ್ತೀನಿ, ನೀವೇ ಆ ಮನುಷ್ಯನ ಜೊತೆ ಮಾತಾಡಿ. ಅವನೂ ನಿಮ್ಮ ಜೊತೆ ಮಾತಾಡಲಿ."

ಸಾಹೇಬರು ಕನ್ನಡಕ ತೆಗೆದು ಒರೆಸಿದರು. ಬಹಳ ಹೊತ್ತು ಒರೆಸಿದರು. "ಸೋಮವಾರದಿಂದ ಹೋಗು," ಎಂದರು. ಅವಳು ಬಾಗಿಲ ತನಕ ಹೋದ ಮೇಲೆ, "ಆ ಹುಡುಗನೂ ಹೀಗೇ ಬಂದು ತನ್ನ ತಪ್ಪು ಒಪ್ಪಿಕೊಂಡ. ಪಾಪ, ಅವನದು ಎರಡು ವರ್ಷದ ಕೆಲಸ ಹಾಳಾಯಿತು," ಎಂದರು.

"ಯಾವ ಕೆಲಸ ಸರ್?"

"ನಿನಗೆ ಗೊತ್ತಿಲ್ಲವಾ? ನಿನ್ನನ್ನ ಸ್ಟೋರಿಗೆ ಹಾಕಿದ ವಾರವೇ ಬಂದಿದ್ದ. ಒಬ್ಬರು ನಂಬಿ ಮಾತಾಡಿದ್ದನ್ನ ನಾನು ಹೊರಗೆ ಹಾಕಿದೆ, ಇದರ ಮೇಲೆ ನಾನು ಪದವಿ ತಗೊಳ್ಳಲ್ಲ ಅಂದ. ನಮ್ಮ ಕಾರ್ಖಾನೆಯ ಭಾಗವನ್ನೆಲ್ಲ ಥೀಸಿಸ್‌ನಿಂದ ತೆಗೆದುಬಿಟ್ಟ. ಅದು ನಿಂತದ್ದೇ ಆ ಭಾಗದ ಮೇಲೆ. ಅವನ ಪ್ರೊಫೆಸರು ನನಗೇ ಫೋನ್ ಮಾಡಿ ಕೂಗಾಡಿದರು. ಮತ್ತೆ ಮೊದಲಿನಿಂದ, ಬೇರೆ ಎಲ್ಲೋ ಶುರು ಮಾಡಬೇಕಂತೆ." ಸಾಹೇಬರು ಅವಳ ಮುಖ ನೋಡಿದರು. "ಹೇಳಲಿಲ್ಲವಾ ಅವನು?"

"ಇಲ್ಲ ಸರ್," ಎಂದಳು ಅಂಬಾ. "ಹೇಳಲಿಲ್ಲ."

ವರದಿಯ ಮೇಲಿದ್ದ ಶ್ಯಾಮನ ವಿಳಾಸ ಹಿಡಿದು, ಹಡಪಸರದಿಂದ ನಾನಾ ಪೇಠದ ತನಕ ಬಸ್ಸಿನಲ್ಲಿ ಅವಳು ಮನಸ್ಸಿನಲ್ಲೇ ಅವನನ್ನು ಬೈಯುತ್ತ ಹೋದಳು. ಕನ್ನಡ ಮುಗಿದ ಮೇಲೆ ಮರಾಠಿಯಲ್ಲಿ ಬೈದಳು. ಮನೆಗೆ ಬಂದು ಚಾಪೆಯ ಮೇಲೆ ಕೂತ ಮನುಷ್ಯ, ಇಷ್ಟು ಮಾಡಿ ಬಂದವನು, ಇದನ್ನು ಬಿಟ್ಟು ಮಿಕ್ಕದ್ದೆಲ್ಲ ಹೇಳಿದನಲ್ಲ! 'ಹಿನ್ನೆಲೆ' ಅಂತೆ, 'ಉದಾಹರಣೆ' ಅಂತೆ!

ಅವನು ಬಾಡಿಗೆಗಿದ್ದ, ನಾಲ್ಕು ಮನೆಗಳ ಹಳೇ ವಾಡೆಯ ಅಂಗಳದಲ್ಲಿ ಮನೆಯೊಡತಿ ಸಕ್ಕುಬಾಯಿ ಅಕ್ಕಿ ಆರಿಸುತ್ತ ಕೂತಿದ್ದಳು. ಕಚ್ಚೆ ಸೀರೆ, ಹಣೆಯ ತುಂಬ ಕುಂಕುಮ. ಮರಾಠಿ ಬಿಟ್ಟು ಬೇರೆ ಮಾತು ಅರಿಯದವಳು.

"ಹೆಣ್ಣುಮಕ್ಕಳು ಮೇಲೆ ಹೋಗುವ ಹಾಗಿಲ್ಲ," ಎಂದಳು ತಲೆಯೆತ್ತದೆ.

"ಮೇಲೆ ಹೋಗಲ್ಲ ಮಾವಶೀ. ಇಲ್ಲಿಂದಲೇ ಬೈದು ಹೋಗ್ತೀನಿ," ಎಂದಳು ಅಂಬಾ. ಸಕ್ಕುಬಾಯಿ ಈಗ ತಲೆಯೆತ್ತಿದಳು. ಮೊರವನ್ನು ಪಕ್ಕಕ್ಕೆ ಸರಿಸಿದಳು.

ಶ್ಯಾಮ ಮೇಲಿನ ಕಟ್ಟಿಗೆಯ ಪಡಸಾಲೆಯಲ್ಲಿ ಒಗೆದ ಬಟ್ಟೆ ಹರವುತ್ತಿದ್ದ. ಕೆಳಗೆ ಅವಳನ್ನು ಕಂಡು, ಹಸಿ ಶರ್ಟು ಹಿಡಿದುಕೊಂಡು ಹಾಗೇ ನಿಂತ.

"ಯಾಕ ಹೇಳಲಿಲ್ಲ?" ಅಂಬಾ ಕೂಗಿದಳು. "ಥೀಸಿಸ್ ಬಿಟ್ಟಿದ್ದು?"

"ಅದು... ಹೇಗೆ ಹೇಳೋದು?" ಅವನು ಕಂಬಿಯ ಮೇಲಿಂದ ಬಗ್ಗಿದ. "ಹೇಳಿದ್ರೆ, ನೋಡು ನಿನಗಾಗಿ ಏನು ಮಾಡಿದೆ ಅಂತ ತೋರಿಸಿಕೊಂಡ ಹಾಗಾಗುತ್ತೆ. ನಿಮಗೆ ಬೇರೆ ಒಂದು ಮಾತು ಹೇಳಬೇಕಿತ್ತು. ಇದನ್ನ ಹೇಳಿ ಅದನ್ನ ಹೇಳಿದ್ರೆ, ಕೂಲಿ ಕೇಳಿದ ಹಾಗೆ. ಇದನ್ನ ಬಿಟ್ಟು ಅದೊಂದನ್ನೇ ಹೇಳೋಣ ಅಂದ್ರೆ, ನಿಮ್ಮ ಕೆಲಸ ಕಳೆದವನು ಯಾವ ಬಾಯಲ್ಲಿ..."

"ಆ ಬ್ಯಾರೆ ಮಾತು ಯಾವುದು?"

ಶರ್ಟಿನಿಂದ ನೀರು ತೊಟ್ಟಿಕ್ಕುತ್ತಿತ್ತು. "ಅಂದ್ರೆ, ಅಂಬಾ, ಒಬ್ಬ ಮನುಷ್ಯ ದಿನಾ ಒಂದು ದನಿ ಕೇಳ್ತಾ ಕೂತಿರ್ತಾನೆ ಅಂತಿಟ್ಕೊಳ್ಳಿ. ಮೊದಲು ಅದು ಅವನ ಕೆಲಸ. ಆಮೇಲಾಮೇಲೆ, ಮನೆಗೆ ಬಂದ ಮೇಲೂ ಕಿವಿಯಲ್ಲಿ ಅದೇ. ಬೇರೆ ಯಾರು ಮಾತಾಡಿದ್ರೂ ಎಲ್ಲೋ ತಪ್ಪು ನಂಬರಿಗೆ ಬಂದ ಹಾಗೆ. ಅಂಥ ಸಂದರ್ಭದಲ್ಲಿ ಆ ಮನುಷ್ಯ..."

ಸಕ್ಕುಬಾಯಿಗೆ ತಡೆಯಲಾಗಲಿಲ್ಲ. "ಕಾಯ್ ಮ್ಹಣತೋಯ್ ಗ ತೋ? ಏನಂತಾನೆ?"

ಅಂಬಾ ಮೇಲೆ ನೋಡಿದಳು. ಅವನು ಇನ್ನೂ 'ಆ ಮನುಷ್ಯ'ನಲ್ಲೇ ನಿಂತಿದ್ದ. ಹೀಗೇ ಬಿಟ್ಟರೆ ದೀಪಾವಳಿಯಾದರೂ ಮುಗಿಯುವ ಲಕ್ಷಣವಿರಲಿಲ್ಲ.

"ನನ್ನ ಮದುವೆಯಾಗ್ತೀಯಾ ಅಂತ ಕೇಳ್ತಿದ್ದಾನೆ," ಎಂದಳು ಮರಾಠಿಯಲ್ಲಿ.

"ಇಷ್ಟುದ್ದ ಮಾತಿಗೆ ಇಷ್ಟೇ ಅರ್ಥವಾ?"

"ಅವನ ಭಾಷೆ ಹಾಗೇ ಮಾವಶೀ."

ಮೇಲಿನಿಂದ ಶರ್ಟು ಜಾರಿ ಅಂಗಳಕ್ಕೆ ಬಿತ್ತು. ಪುಣೆಯಲ್ಲಿ ಇಷ್ಟು ವರ್ಷ ಇದ್ದವನಿಗೆ ಅಷ್ಟು ಮರಾಠಿ ತಿಳಿಯದೆ ಇರುತ್ತದೆಯೇ? "ಅಂಬಾ," ಎಂದ. "ನಾನು ಹಾಗಂತ ಹೇಳಲಿಲ್ಲ."

ಮತ್ತೆ ಇನ್ನೊಬ್ಬರ ಮಾತಿಗೆ ತಾನೇ ಕೈ ಹಾಕಿದೆನಲ್ಲ, ಆಗ ಸಾಹೇಬರ ಮಾತು ನುಂಗಿದೆ, ಈಗ ಇವನ ಮಾತಿಗೆ ಸೇರಿಸಿದೆ ಎಂದು ಅವಳಿಗೆ ಅನಿಸಿತು. ತಿರುಗಿ ಹೊರಟುಬಿಡಬೇಕೆಂದು ಕಾಲು ಎತ್ತಿದಳು.

"ಇನ್ನೂ ಅಲ್ಲಿಗೆ ಬಂದಿರಲಿಲ್ಲ," ಎಂದ ಶ್ಯಾಮ. "ಆದ್ರೆ ಅಲ್ಲಿಗೇ ಬರ್ತಾ ಇದ್ದೆ." ಆಮೇಲೆ, ವಾಡೆಯ ನಾಲ್ಕೂ ಮನೆಗೆ ಕೇಳುವ ಹಾಗೆ, ಸಕ್ಕುಬಾಯಿಯ ಕಡೆ ಬಗ್ಗಿ ಮರಾಠಿಯಲ್ಲಿ ಕೂಗಿದ: "ಮಾವಶೀ, ಅವಳು ಹೇಳಿದ್ದು ಸರಿ! ಅದನ್ನೇ ಕೇಳಿದೆ!"

"ಮತ್ತೆ ಇವಳು ಏನಂತಾಳೆ?" ಎಂದಳು ಸಕ್ಕುಬಾಯಿ.

ಇಬ್ಬರೂ ಅಂಬಾಳನ್ನೇ ನೋಡಿದರು. ನಾಲ್ಕು ಭಾಷೆಗಳಲ್ಲಿ ಒಂದೂ ಹತ್ತಿರ ಬರಲಿಲ್ಲ. ಅವಳು ಬಗ್ಗಿ, ಮಣ್ಣಾದ ಶರ್ಟನ್ನು ಎತ್ತಿಕೊಂಡು, ಕೊಡವಿ, ಎದೆಗೆ ಒತ್ತಿ ಹಿಡಿದು, "ಹೂಂ" ಎಂದಳು. ಅದು ಎಷ್ಟು ಮೆಲ್ಲಗಿತ್ತೆಂದರೆ ಮೇಲಿದ್ದವನಿಗೆ ಕೇಳಿಸಿರಲಾರದು. ಆದರೂ ಅವನು ಎರಡೆರಡು ಮೆಟ್ಟಿಲು ಹಾರಿ ಕೆಳಗಿಳಿದು ಬಂದ.

ಅದು ಅಷ್ಟು ಸುಲಭಕ್ಕೆ ಮುಗಿಯಲಿಲ್ಲ. ಜಾತಿ ಬೇರೆ ಎಂದು ಗೂಳಪ್ಪ ಯುಗಾದಿಯ ತನಕ ಮುಖ ತಿರುಗಿಸಿದ. ಶ್ಯಾಮ ತಪ್ಪದೆ ಬರುತ್ತಿದ್ದ, ಗೂಳಪ್ಪನ ಎದುರಿಗೆ ಕೂತು ಕಾಶವ್ವನ ಚಟ್ನಿಗೆ ಕಣ್ಣೀರಿಡುತ್ತಿದ್ದ. ಅದನ್ನು ಕಂಡು ಕಂಡು ಕರಗಿದ್ದೋ, ಬೇಸತ್ತದ್ದೋ, ಒಂದು ದಿನ ಗೂಳಪ್ಪನೇ ಅವನ ಮುಂದೆ ಮೊಸರು ಸರಿಸಿದ. ಶ್ಯಾಮ ಇನ್ನೊಂದು ಕಡೆ ಮೊದಲಿನಿಂದ ಶುರು ಮಾಡಿ ಪದವಿ ಪಡೆಯುವಷ್ಟರಲ್ಲಿ ಅವರ ಮಗಳು ನಡೆಯುತ್ತಿದ್ದಳು.

ಆದರೆ ಆ ಮಧ್ಯಾಹ್ನ, ವಾಡೆಯ ಅಂಗಳದ ಕಲ್ಲುಕಟ್ಟೆಯ ಮೇಲೆ, ಇದೆಲ್ಲ ಇನ್ನೂ ದೂರವಿತ್ತು. ಸಕ್ಕುಬಾಯಿ ಚಹಾ ಮಾಡಿ ತಂದು, ನಿಯಮವಿರುವುದು ಮೇಲಿನ ಕೋಣೆಗೆ, ಅಂಗಳಕ್ಕಲ್ಲ ಎಂದು ಇಬ್ಬರನ್ನೂ ಅಲ್ಲೇ ಕೂರಿಸಿದಳು. ತಾನೂ ಎದುರಿಗೆ ಮೊರ ಹಿಡಿದು ಕೂತಳು. ಅವರು ಒಬ್ಬರನ್ನೊಬ್ಬರು ನೋಡಿದರು, ಚಹಾ ನೋಡಿದರು, ಮತ್ತೆ ಒಬ್ಬರನ್ನೊಬ್ಬರು ನೋಡಿದರು. ಚಹಾದ ಮೇಲೆ ಕೆನೆ ಕಟ್ಟಿತು.

"ಅರೇ, ಏನಾದರೂ ಮಾತಾಡಿ!" ಎಂದು ಸಕ್ಕುಬಾಯಿ ಹಣೆ ಹಣೆ ಬಡಿದುಕೊಂಡಳು.